ಪೆಟ್ರೋಲ್ ಮುಳ್ಳಿನ ರಿಪೇರಿ: ಶಿರಸಿಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯ ಕೆಲಸ

ಶಿರಸಿಯಲ್ಲಿ ಅಡಕೆ ವಖಾರಿಗಳ ಹಿಂಭಾಗದ ಓಣಿಯೊಂದರಲ್ಲಿ ತಗಡಿನ ಮಾಡಿನ ಸಣ್ಣ ಆಟೋ ಎಲೆಕ್ಟ್ರಿಕಲ್ ಅಂಗಡಿಯಿದೆ. ಅದರ ಮೇಸ್ತ್ರಿ ಈಗಿರುವ ಗಿರಾಕಿಗಳನ್ನು ಸಂಭಾಳಿಸುವುದೇ ಸಾಕಾಗಿದೆ ಎನ್ನುವವರಾದ್ದರಿಂದ, ಅವರ ಕೋರಿಕೆಯಂತೆ ಹೆಸರನ್ನೂ ವಿಳಾಸವನ್ನೂ ಇಲ್ಲಿ ಬರೆಯುತ್ತಿಲ್ಲ. ಊರಿನ ಯಾವ ಟ್ಯಾಕ್ಸಿ ಚಾಲಕರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ನಮ್ಮ ಹಳೆಯ ಪೆಟ್ರೋಲ್ ಕಾರಿನ ಫ್ಯೂಯಲ್ ಗೇಜ್ ತಪ್ಪು ತೋರಿಸುತ್ತಿದ್ದುದನ್ನು ಅವರು ಪತ್ತೆ ಹಚ್ಚಿ ಸರಿಪಡಿಸಿದ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಇಂಥ ದೋಷಕ್ಕೆ ಬೇರೆ ಕಡೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ, ಅವರು ಮಾಡಿದ ಕೆಲಸವನ್ನು ತುಸು ವಿವರವಾಗಿಯೇ ಬರೆಯುತ್ತೇನೆ.

ಹದಿನೈದು ವರ್ಷ ದಾಟಿ ನೋಂದಣಿ ನವೀಕರಣಗೊಂಡಿರುವ ಈ ಕಾರು ಶಿರಸಿ ಮತ್ತು ಕಾರವಾರದ ನಡುವೆ ಆಗಾಗ ಓಡಾಡುತ್ತದೆ. ಕಾರವಾರದಲ್ಲಿದ್ದಾಗ ಸಮುದ್ರದಿಂದ ಹೆಚ್ಚು ದೂರವಿಲ್ಲದ ಅಂಗಳದಲ್ಲಿ ಬಯಲಿಗೇ ನಿಲ್ಲುತ್ತದೆ. ದೋಷ ಎರಡು ಬಗೆಯಾಗಿ ಕಾಣುತ್ತಿತ್ತು. ಟ್ಯಾಂಕಿ ಬಾಯಿಯವರೆಗೆ ತುಂಬಿಸಿದರೂ ಮುಳ್ಳು ಮುಕ್ಕಾಲಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅದು ಇಳಿದು ಕಾಲು ಭಾಗದ ಹತ್ತಿರ ಬಂದಾಗ ದೇವಿಮನೆ ಘಟ್ಟದ ತಿರುವುಗಳಲ್ಲಿ ಒಮ್ಮೆಲೇ ಖಾಲಿಯ ಗೆರೆಗೆ ಬಿದ್ದು, ನೇರ ರಸ್ತೆ ಸಿಕ್ಕಿದೊಡನೆ ಮತ್ತೆ ಮೇಲೇಳುತ್ತಿತ್ತು. ಮಳೆಗಾಲದಲ್ಲಿ ಈ ಆಟ ಇನ್ನೂ ಹೆಚ್ಚಾಗುತ್ತಿತ್ತು. ಬೇರೊಂದು ಗ್ಯಾರೇಜಿನವರು ಕಾರಿನ ಕೆಳಗೆ ಇಣುಕಿಯೂ ನೋಡದೆ, ಪಂಪ್ ಸಮೇತ ಇಡೀ ಟ್ಯಾಂಕ್ ಯೂನಿಟ್ (ಟ್ಯಾಂಕಿಯೊಳಗೆ ಕೂತು ಪೆಟ್ರೋಲ್ ಮಟ್ಟ ಅಳೆಯುವ ಭಾಗ) ಬದಲಿಸಬೇಕು, ಅದಕ್ಕೂ ಸರಿಹೋಗದಿದ್ದರೆ ಮೀಟರ್ ಬೋರ್ಡನ್ನೂ ಬದಲಿಸಬೇಕು ಎಂದು ಸಾವಿರಗಟ್ಟಲೆ ರೂಪಾಯಿಯ ಲೆಕ್ಕ ಹೇಳಿದ್ದರು.

ಶಿರಸಿಯ ಮೇಸ್ತ್ರಿ ಮೊದಲು ಕೈಗೆ ತೆಗೆದುಕೊಂಡದ್ದು ಪಾನೆಯನ್ನಲ್ಲ. ಅವರು ಸರಣಿಯಾಗಿ ಪ್ರಶ್ನೆಗಳನ್ನು ಕೇಳಿದರು. ಇಂಜಿನ್ ಬಿಸಿ ತೋರಿಸುವ ಮುಳ್ಳೂ ತಪ್ಪುತ್ತದೆಯೇ, ಪೆಟ್ರೋಲ್ ಮುಳ್ಳು ಮಾತ್ರವೇ? ಬೀಳುವುದು ಪ್ರತಿಸಲವೂ ಗೇಜಿನ ಒಂದೇ ಜಾಗದಲ್ಲೋ, ಎಲ್ಲೆಂದರಲ್ಲೋ? ಬ್ರೇಕ್ ತುಳಿದಾಗ ಅಥವಾ ಇಂಡಿಕೇಟರ್ ಹಾಕಿದಾಗ ಮುಳ್ಳು ಅಲುಗುತ್ತದೆಯೇ? ಈ ಪ್ರಶ್ನೆಗಳ ಹಿಂದೆ ಒಂದು ಕ್ರಮವಿದೆ. ಎರಡೂ ಮುಳ್ಳುಗಳು ಒಟ್ಟಿಗೆ ತಪ್ಪಿದರೆ ಟ್ಯಾಂಕಿಯನ್ನು ಸಂಶಯಿಸುವುದು ವ್ಯರ್ಥ; ಆಗ ಮೀಟರ್ ಬೋರ್ಡಿಗೆ ಬರುವ ವೋಲ್ಟೇಜ್ ಅಥವಾ ಅಲ್ಲಿನ ಅರ್ಥಿಂಗ್ (ವಿದ್ಯುತ್ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಸಂಪರ್ಕ) ಕೆಟ್ಟಿರಬೇಕು. ಹಳೆಯ ಮಾದರಿಯ ಅನೇಕ ವಾಹನಗಳಲ್ಲಿ ಎರಡೂ ಮುಳ್ಳುಗಳಿಗೆ ಒಂದೇ ಸ್ಟೆಬಿಲೈಸರಿನಿಂದ ವಿದ್ಯುತ್ ಹೋಗುತ್ತದೆ. ಮುಳ್ಳು ಬೀಳುವ ಜಾಗ ನಿಶ್ಚಿತವಾಗಿದ್ದರೆ ಟ್ಯಾಂಕಿಯೊಳಗೆ ಮಟ್ಟ ಅಳೆಯುವ ಪಟ್ಟಿ ಸವೆದಿರಬೇಕು. ಹಿಂದಿನ ದೀಪಗಳು ಹೊತ್ತಿದಾಗ ಮುಳ್ಳು ಅಲುಗಿದರೆ, ದೀಪಕ್ಕೂ ಟ್ಯಾಂಕಿಗೂ ಸೇರಿದ ಅರ್ಥಿಂಗ್ ಬಿಂದು ಹಾಳಾಗಿರಬೇಕು. ನಮ್ಮ ಕಾರಿನಲ್ಲಿ ಬಿಸಿಯ ಮುಳ್ಳು ಸರಿಯಾಗಿತ್ತು, ಬೀಳುವ ಜಾಗ ಒಂದೇ ಆಗಿತ್ತು, ಬ್ರೇಕ್ ದೀಪಕ್ಕೆ ಮುಳ್ಳು ತುಸು ಅಲುಗುತ್ತಲೂ ಇತ್ತು. “ಟ್ಯಾಂಕಿ ಆಮೇಲೆ ಬಿಚ್ಚುವಾ ಹೆಗಡೇರೇ, ಮೊದಲು ಅರ್ಥಿಂಗ್ ನೋಡುವಾ” ಎಂದು ಅವರು ಹಿಂದಿನ ಸೀಟು ಎತ್ತಿದರು.

ಮುಂದಿನದು ಅರ್ಥವಾಗಲು ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ತಿಳಿದಿರಬೇಕು. ಟ್ಯಾಂಕಿಯೊಳಗೆ ಪೆಟ್ರೋಲಿನ ಮೇಲೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದನ್ನು ಹಿಡಿದ ತೆಳು ಸರಳು ಮೇಲೆ ಕೆಳಗೆ ಆಡಿದಂತೆ ಸರಳಿನ ಬುಡದಲ್ಲಿರುವ ಲೋಹದ ನಾಲಿಗೆ ಪ್ರತಿರೋಧದ ಪಟ್ಟಿಯೊಂದರ ಮೇಲೆ ಸರಿಯುತ್ತದೆ. ಪಟ್ಟಿಯ ಎಷ್ಟು ಭಾಗದ ಮೂಲಕ ವಿದ್ಯುತ್ ಹರಿಯುತ್ತದೆಯೋ ಅಷ್ಟು ಓಮ್ ಪ್ರತಿರೋಧ ಸರ್ಕ್ಯೂಟಿನಲ್ಲಿ ಸೇರಿಕೊಳ್ಳುತ್ತದೆ, ಅದಕ್ಕೆ ತಕ್ಕಂತೆ ಮುಂದಿನ ಮುಳ್ಳು ವಾಲುತ್ತದೆ. ನಮ್ಮ ಕಾರಿನಲ್ಲಿ ತುಂಬಿದ ಟ್ಯಾಂಕಿಗೆ ಕೆಲವೇ ಓಮ್, ಖಾಲಿ ಟ್ಯಾಂಕಿಗೆ ನೂರಕ್ಕಿಂತ ಹೆಚ್ಚು ಓಮ್. ಆದ್ದರಿಂದ ದಾರಿಯಲ್ಲಿ ಎಲ್ಲಿಯೇ ಆಗಲಿ, ತುಕ್ಕಿನಿಂದಲೋ ವೈರುಗಳನ್ನು ಕೂಡಿಸುವ ಕಪ್ಲರ್ ಸಡಿಲವಾದ್ದರಿಂದಲೋ ಹತ್ತಿಪ್ಪತ್ತು ಓಮ್ ಹೆಚ್ಚುವರಿಯಾಗಿ ಸೇರಿಕೊಂಡರೆ, ಮುಳ್ಳು ಇರುವುದಕ್ಕಿಂತ ಕಡಿಮೆ ಪೆಟ್ರೋಲನ್ನು ತೋರಿಸುತ್ತದೆ. ಸಂಪರ್ಕ ಪೂರ್ತಿ ಕಡಿದರೆ ಖಾಲಿ ಎನ್ನುತ್ತದೆ. ತುಂಬಿದ ಟ್ಯಾಂಕಿಗೆ ಮುಕ್ಕಾಲು ತೋರಿಸುವುದು ಹೆಚ್ಚುವರಿ ಪ್ರತಿರೋಧದ ಲಕ್ಷಣ, ತಿರುವಿನಲ್ಲಿ ಖಾಲಿಗೆ ಬೀಳುವುದು ಕಡಿತದ ಲಕ್ಷಣ. ಎರಡೂ ದೋಷಗಳು ಒಂದೇ ಕಾರಿನಲ್ಲಿ ಒಟ್ಟಿಗಿದ್ದವು. ಒಂದನ್ನು ಮಾತ್ರ ಸರಿಪಡಿಸಿ ಕಳುಹಿಸಿದ್ದರೆ ಮತ್ತೆ ಬರಬೇಕಾಗುತ್ತಿತ್ತು.

ಈ ಲೆಕ್ಕ ಎಲ್ಲ ವಾಹನಗಳಿಗೂ ಒಂದೇ ಅಲ್ಲ. ಅಮೆರಿಕದ ರೂಢಿಯ ಗೇಜುಗಳಲ್ಲಿ ಖಾಲಿಗೆ 240 ಓಮ್, ಭರ್ತಿಗೆ 33 ಓಮ್ ಇರುತ್ತದೆ. ಯುರೋಪಿನ ರೂಢಿಯವುಗಳಲ್ಲಿ ದಿಕ್ಕೇ ತಿರುಗಿ ಖಾಲಿಗೆ 10, ಭರ್ತಿಗೆ 180 ಓಮ್ ಆಗುತ್ತದೆ. ಆನ್‌ಲೈನಿನಲ್ಲಿ ಎಲ್ಲ ವಾಹನಕ್ಕೂ ಹೊಂದುತ್ತದೆ ಎಂದು ಮಾರುವ ಟ್ಯಾಂಕ್ ಯೂನಿಟ್ ತರಿಸಿ ಕೂರಿಸಿಕೊಂಡವರ ಮುಳ್ಳು ಪೆಟ್ರೋಲ್ ಹಾಕಿಸಿದಷ್ಟೂ ಕೆಳಗಿಳಿಯುವುದಕ್ಕೆ ಕಾರಣ ಇದೇ. ಅಂಥ ಒಂದು ಜೀಪು ಅದೇ ಅಂಗಡಿಯ ಅಂಗಳದಲ್ಲಿ ನಿಂತಿತ್ತು.

ಪರೀಕ್ಷೆಗೆ ಬರುತ್ತೇನೆ. ಹಿಂದಿನ ಸೀಟಿನಡಿಯ ಮುಚ್ಚಳ ತೆಗೆದರೆ ಟ್ಯಾಂಕ್ ಯೂನಿಟ್ಟಿನ ಕಪ್ಲರ್ ಸಿಗುತ್ತದೆ. ಅದನ್ನು ಕಳಚಿ ಚಾವಿ ತಿರುಗಿಸಿದಾಗ ಮುಳ್ಳು ಖಾಲಿಗೆ ಬಂತು. ಅನಂತರ ಅವರು ಗೇಜಿನಿಂದ ಬರುವ ವೈರಿಗೆ ತಮ್ಮದೇ ಒಂದು ಚಿಕ್ಕ ಡಬ್ಬಿಯನ್ನು ಜೋಡಿಸಿದರು. ಗುಂಡಿ ತಿರುಗಿಸಿದಂತೆ ಓಮ್ ಬದಲಾಗುವ ಪ್ರತಿರೋಧ ಅದರಲ್ಲಿದೆ. ಅದರ ಇನ್ನೊಂದು ತುದಿಯನ್ನು ಉದ್ದನೆಯ ವೈರಿನಿಂದ ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿದರು. ಅನೇಕ ಕಡೆ ಇದೇ ಪರೀಕ್ಷೆಯನ್ನು ವೈರನ್ನು ಕಾರಿನ ಬಾಡಿಯ ಲೋಹಕ್ಕೆ ಮುಟ್ಟಿಸಿ ಮಾಡುತ್ತಾರೆ. ಅದರಿಂದ ಗೇಜ್ ಬದುಕಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆಯೇ ಹೊರತು ಅದು ಸರಿಯಾಗಿ ಓದುತ್ತಿದೆಯೇ ಎಂಬುದು ತಿಳಿಯುವುದಿಲ್ಲ. ಮೇಲಾಗಿ ನೇರ ಶಾರ್ಟ್ ಮಾಡಿ ಹೆಚ್ಚು ಹೊತ್ತು ಹಿಡಿದರೆ ಕೆಲವು ಗೇಜುಗಳು ಸುಟ್ಟುಹೋಗುವ ಅಪಾಯವೂ ಇದೆ. ಡಬ್ಬಿಯ ಗುಂಡಿ ತಿರುಗಿದಂತೆ ನಮ್ಮ ಮುಳ್ಳು ಭರ್ತಿ, ಅರ್ಧ, ಖಾಲಿ ಎಂದು ನಿಧಾನವಾಗಿ, ಎಲ್ಲಿಯೂ ಎಡವದೆ ಚಲಿಸಿತು. ಮೀಟರ್ ಬೋರ್ಡೂ ಅಲ್ಲಿಂದ ಹಿಂದಿನವರೆಗೆ ಬರುವ ವೈರೂ ಸರಿಯಾಗಿವೆ ಎಂಬುದು ಅಲ್ಲಿಗೆ ಖಚಿತವಾಯಿತು. ಬದಲಿಸಬೇಕಾಗಬಹುದು ಎಂದು ಇನ್ನೊಬ್ಬರು ಹೇಳಿದ್ದ ಮೀಟರ್ ಬೋರ್ಡ್ ಹತ್ತೇ ನಿಮಿಷದಲ್ಲಿ ಲೆಕ್ಕದಿಂದ ಹೊರಬಿತ್ತು.

ಬಳಿಕ ಕಪ್ಲರನ್ನು ಮತ್ತೆ ಜೋಡಿಸಿ, ಯೂನಿಟ್ಟಿನ ಅರ್ಥಿಂಗ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ವೋಲ್ಟ್ ಅಳೆದರು. ಅರ್ಥಿಂಗ್ ಗಟ್ಟಿಯಾಗಿದ್ದರೆ ಅಲ್ಲಿ ಸೊನ್ನೆಗೆ ಹತ್ತಿರದ ಅಂಕಿ ಬರಬೇಕು, 0.1 ವೋಲ್ಟಿನ ಆಸುಪಾಸನ್ನು ಒಪ್ಪಬಹುದು. ನಮ್ಮ ಕಾರಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿತು. ಅರ್ಥಿಂಗ್ ಪಿನ್ನಿನಿಂದ ತಾತ್ಕಾಲಿಕ ವೈರೊಂದನ್ನು ನೆಗೆಟಿವ್‌ಗೆ ಎಳೆದದ್ದೇ ತಡ, ಅಷ್ಟು ದಿನ ಮುಕ್ಕಾಲಿನಲ್ಲೇ ನಿಲ್ಲುತ್ತಿದ್ದ ಮುಳ್ಳು ಮೆಲ್ಲಗೆ ಭರ್ತಿಯ ಗೆರೆಗೆ ಏರಿತು. (ಆ ದಿನ ಟ್ಯಾಂಕಿ ತುಂಬಿತ್ತು, ಆದ್ದರಿಂದ ಈ ಫಲಿತಾಂಶದಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ.) ಡಿಕ್ಕಿಯ ಮ್ಯಾಟಿನಡಿ ಬಾಡಿಯ ಲೋಹಕ್ಕೆ ಬಿಗಿದಿದ್ದ ಅರ್ಥಿಂಗ್ ಸ್ಕ್ರೂ ನೋಡಿದರೆ ಹಸಿರುಗಟ್ಟಿದ ತಾಮ್ರ, ಕೆಂಪು ಪುಡಿಯಾದ ಕಬ್ಬಿಣ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ, ಉಪ್ಪು ಹೊತ್ತ ಗಾಳಿಗೆ ಒಡ್ಡಿಕೊಂಡು ನಿಲ್ಲುವ ಕಾರಿಗೆ ಇದು ಬಾರದಿದ್ದರೆ ಆಶ್ಚರ್ಯಪಡಬೇಕು. ಉಪ್ಪು ತೇವವನ್ನು ಹಿಡಿದಿಡುತ್ತದೆ. ತಾಮ್ರದ ಟರ್ಮಿನಲ್ಲೂ ಉಕ್ಕಿನ ಬಾಡಿಯೂ ಕೂಡುವಲ್ಲಿ ಆ ತೇವ ಸೇರಿದರೆ ಸವೆತ ಇಮ್ಮಡಿಯಾಗುತ್ತದೆ. ಅವರು ಆ ಜಾಗವನ್ನು ಲೋಹ ಹೊಳೆಯುವಷ್ಟು ಎಮರಿ ಕಾಗದದಿಂದ ಉಜ್ಜಿ, ಹೊಸ ಟರ್ಮಿನಲ್ ಹಾಕಿ, ಹಲ್ಲು ವಾಷರ್ ಇಟ್ಟು ಬಿಗಿದು, ಬಿಗಿದ ನಂತರವೇ ಮೇಲೆ ವ್ಯಾಸಲೀನ್ ಸವರಿದರು. ಮೊದಲೇ ಸವರಿ ಬಿಗಿಯುವ ಕೆಲವರ ಅಭ್ಯಾಸವನ್ನು ಅವರು ಒಪ್ಪುವುದಿಲ್ಲ. ಲೋಹಕ್ಕೆ ಲೋಹ ತಾಗಬೇಕು, ಜಿಡ್ಡು ಹೊರಗಿನ ತೇವವನ್ನು ಮಾತ್ರ ತಡೆಯಬೇಕು ಎಂಬುದು ಅವರ ವಾದ. ಅದು ಸರಿಯಾದ ವಾದವೇ.

ಎರಡನೆಯ ದೋಷಕ್ಕೆ ಟ್ಯಾಂಕಿ ತೆರೆಯಲೇಬೇಕಿತ್ತು. ಅವರು ಆ ದಿನ ತೆರೆಯಲಿಲ್ಲ, ಪೆಟ್ರೋಲ್ ಕಾಲು ಭಾಗಕ್ಕಿಂತ ಕೆಳಗಿಳಿದ ಮೇಲೆ ಬನ್ನಿ ಎಂದು ಕಳುಹಿಸಿದರು. ಅಂಗಡಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಬಹುಶಃ ಇಲ್ಲಿಯೇ. ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಡಿ, ದೂರದ ಕಿಡಿಯನ್ನೂ ತಲುಪುತ್ತದೆ. ತಿರುಗಿ ಹೋದಾಗ ಅವರು ಕಾರನ್ನು ಮಾಡಿನಡಿಯಿಂದ ಬಯಲಿಗೆ ತಂದು, ಬ್ಯಾಟರಿಯ ನೆಗೆಟಿವ್ ಕಳಚಿ, ಪಕ್ಕದ ಅಂಗಡಿಯವರಿಗೆ ಗ್ರೈಂಡರ್ ನಿಲ್ಲಿಸಲು ಹೇಳಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಲ್ಲಿ ಇಟ್ಟುಕೊಂಡರು. ಯೂನಿಟ್ ಹಿಡಿದಿಡುವ ವೃತ್ತಾಕಾರದ ಬಿಗಿಬಳೆಯನ್ನು ಸಡಿಲಿಸಲು ಕಬ್ಬಿಣದ ಉಳಿ ಬಳಸದೆ ಹಿತ್ತಾಳೆಯ ಸರಳು ಬಳಸಿದರು. ಮನೆಯಂಗಳದಲ್ಲಿ ಇದನ್ನು ಪ್ರಯತ್ನಿಸಬಯಸುವವರು ಅರ್ಥಿಂಗ್ ಪರೀಕ್ಷೆಯವರೆಗೆ ಧಾರಾಳವಾಗಿ ಮಾಡಿಕೊಳ್ಳಲಿ. ಟ್ಯಾಂಕಿ ತೆರೆಯುವ ಕೆಲಸವನ್ನು ಮಾತ್ರ ಬಲ್ಲವರಿಗೆ ಬಿಡುವುದು ಲೇಸು.

ಹೊರತೆಗೆದ ಯೂನಿಟ್ಟಿನ ಸರಳನ್ನು ಕೈಯಲ್ಲಿ ನಿಧಾನವಾಗಿ ಎತ್ತಿ ಇಳಿಸುತ್ತ ಓಮ್ ಮೀಟರಿನಲ್ಲಿ ನೋಡಿದರು. ಇದಕ್ಕೆ ಅವರು ಅಂಕಿ ತೋರಿಸುವ ಹೊಸ ಮೀಟರನ್ನು ಬದಿಗಿಟ್ಟು ಮುಳ್ಳಿನ ಹಳೆಯ ಮೀಟರನ್ನೇ ತೆಗೆದರು. ಕ್ಷಣಮಾತ್ರದ ಕಡಿತ ಅಂಕಿಗಳ ಓಟದಲ್ಲಿ ಕಣ್ತಪ್ಪಿಹೋಗುತ್ತದೆ, ಮುಳ್ಳಿನ ಜಿಗಿತ ಮಾತ್ರ ಕಣ್ಣಿಗೆ ಹೊಡೆದು ಕಾಣುತ್ತದೆ. ಸರಳು ಕಾಲು ಭಾಗದ ಎತ್ತರಕ್ಕೆ ಬಂದಾಗಲೆಲ್ಲ ಸಂಪರ್ಕ ಹೋಗಿ ಬರುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಪಟ್ಟಿಯ ಕಪ್ಪು ಲೇಪ ಸವೆದು, ಸವೆದ ಎತ್ತಿನಗಾಡಿಯ ದಾರಿಯಂತೆ ತಗ್ಗು ಬಿದ್ದಿತ್ತು. ಫ್ಲೋಟನ್ನೂ ಅವರು ಪೆಟ್ರೋಲಿನಲ್ಲಿ ಅದುಮಿ, ಕಿವಿಯ ಹತ್ತಿರ ಅಲುಗಿಸಿ ಪರೀಕ್ಷಿಸಿದರು. ತೂತು ಬಿದ್ದ ಟೊಳ್ಳು ಫ್ಲೋಟಿನೊಳಗೆ ಪೆಟ್ರೋಲ್ ತುಂಬಿಕೊಂಡರೆ ಅದು ಮುಳುಗಿ, ಟ್ಯಾಂಕಿ ತುಂಬಿದ್ದರೂ ಮುಳ್ಳು ಖಾಲಿಯಲ್ಲೇ ಮಲಗಿರುತ್ತದೆ. ನಮ್ಮದು ಗಟ್ಟಿಯಾಗಿತ್ತು.

ಪಟ್ಟಿ ಸವೆದದ್ದೇಕೆ ಎಂಬಲ್ಲಿ ಮಾತ್ರ ಮೇಸ್ತ್ರಿಗೂ ನನಗೂ ಅಭಿಪ್ರಾಯ ಕೂಡಲಿಲ್ಲ. ಅವರು ಎಲ್ಲವನ್ನೂ ಎಥನಾಲ್ ಬೆರೆಸಿದ ಪೆಟ್ರೋಲಿನ ಮೇಲೆ ಹಾಕುತ್ತಾರೆ. ಎಥನಾಲ್ ನೀರನ್ನು ಹೀರಿಕೊಳ್ಳುವುದು ನಿಜ, ಹಳೆಯ ವಾಹನಗಳ ರಬ್ಬರಿಗೆ ಅದು ಒಗ್ಗದಿರಬಹುದೆಂಬುದೂ ನಿಜ. ಆದರೆ ಪಟ್ಟಿಯ ಒಂದೇ ಒಂದು ಜಾಗವನ್ನು ಆರಿಸಿ ತಿನ್ನುವ ಬುದ್ಧಿ ಎಥನಾಲಿಗಿಲ್ಲ. ಇಂಧನದಲ್ಲಿನ ಗಂಧಕವೂ ಬೆಳ್ಳಿ ಲೇಪದ ಸಂಪರ್ಕಗಳನ್ನು ಕಪ್ಪಾಗಿಸುತ್ತದೆಯಾದರೂ 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನದಲ್ಲಿ ಅದರ ಮಿತಿ ಹತ್ತು ಲಕ್ಷಕ್ಕೆ ಹತ್ತು ಭಾಗಕ್ಕೆ ಇಳಿದಿದೆ, ಅದೂ ಒಂದೇ ಜಾಗಕ್ಕೆ ಸೀಮಿತವಾಗುವಂಥದ್ದಲ್ಲ. ಐನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಅದು ಮುಗಿದೊಡನೆ ಮತ್ತೆ ಐನೂರರದು ಹಾಕಿಸುವ ಪದ್ಧತಿ ನಮ್ಮ ಕಡೆ ಸಾಮಾನ್ಯ. ಹೀಗೆ ಸದಾ ಕಾಲು ಭಾಗದ ಆಚೀಚೆ ಇರುವ ಟ್ಯಾಂಕಿಯಲ್ಲಿ ನಾಲಿಗೆ ವರ್ಷಾನುಗಟ್ಟಲೆ ಅಷ್ಟೇ ಉದ್ದದ ಪಟ್ಟಿಯನ್ನು ಉಜ್ಜುತ್ತಿರುತ್ತದೆ, ಅದರಲ್ಲೂ ಘಟ್ಟದ ರಸ್ತೆಯಲ್ಲಿ ಪೆಟ್ರೋಲ್ ತುಳುಕಿದಷ್ಟೂ ಉಜ್ಜುತ್ತದೆ. ನನಗೆ ಒಪ್ಪಿಗೆಯಾಗುವ ಕಾರಣ ಇದು. ಪೆಟ್ರೋಲಿನಲ್ಲಿ ಮುಳುಗಿರುವುದರಿಂದಲೇ ತಂಪಾಗಿರುವ ಒಳಗಿನ ಪಂಪಿಗೂ ಈ ಪದ್ಧತಿ ಒಳ್ಳೆಯದಲ್ಲ.

ಸವೆದ ಪಟ್ಟಿಯನ್ನು ಸ್ಪ್ರೇ ಹಾಕಿ ಒರೆಸುವುದರಿಂದ ಉಪಯೋಗವಿಲ್ಲ. ಕೊಳೆ ಹಿಡಿದಿದ್ದರೆ ಮಾತ್ರ ಅದು ಮದ್ದು. ಮೇಸ್ತ್ರಿ ಪಂಪನ್ನು ಹಾಗೆಯೇ ಉಳಿಸಿ, ಫ್ಲೋಟ್ ಮತ್ತು ಪಟ್ಟಿ ಇರುವ ಬಿಡಿ ಭಾಗವನ್ನಷ್ಟೇ ಹುಬ್ಬಳ್ಳಿಯಿಂದ ಬಸ್ ಪಾರ್ಸೆಲಿನಲ್ಲಿ ತರಿಸಿದರು. ಜೊತೆಗೆ ಬಿಗಿಬಳೆಯಡಿಯ ರಬ್ಬರ್ ರಿಂಗನ್ನು ಹೊಸತಾಗಿ ಹಾಕಿದರು. ಒಮ್ಮೆ ಬಿಚ್ಚಿದ ಹಳೆಯ ರಿಂಗು ಮತ್ತೆ ಸರಿಯಾಗಿ ಕೂರದೆ ಕಾರಿನೊಳಗೆ ಪೆಟ್ರೋಲಿನ ವಾಸನೆ ಬರುವುದುಂಟು.

ಕೂರಿಸಿದ ಮೇಲೂ ಕೆಲಸ ಮುಗಿಯಲಿಲ್ಲ, ಇದು ನನ್ನ ನಿರೀಕ್ಷೆಗೆ ಮೀರಿದ್ದು. ಟ್ಯಾಂಕಿಯನ್ನು ಬರಿದು ಮಾಡಿ, ಅಳತೆಯ ಕ್ಯಾನಿನಿಂದ ಐದೈದು ಲೀಟರ್ ಸುರಿಯುತ್ತ ಪ್ರತಿ ಹಂತದಲ್ಲಿ ಮುಳ್ಳು ನಿಂತ ಜಾಗವನ್ನು ಒಂದು ಕಾಗದದಲ್ಲಿ ಬರೆದುಕೊಟ್ಟರು. ಮೊದಲ ಸುತ್ತಿನಲ್ಲಿ ಮುಳ್ಳು ಇದ್ದುದಕ್ಕಿಂತ ತುಸು ಹೆಚ್ಚು ತೋರಿಸಿತು. ಫ್ಲೋಟಿನ ಸರಳನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ ಮತ್ತೆ ಕೂರಿಸಿದರು. ಫ್ಲೋಟ್ ಮೇಲೆ ಬಾಗಿದರೆ ಅದೇ ಮಟ್ಟದ ಪೆಟ್ರೋಲಿಗೆ ಸರಳು ಕೆಳಗೆ ನಿಲ್ಲುತ್ತದೆ, ಮುಳ್ಳು ಕಡಿಮೆ ತೋರಿಸುತ್ತದೆ. ತಪ್ಪುವುದೇ ಆದರೆ ಕಡಿಮೆ ತೋರಿಸುವ ಕಡೆಗೆ ತಪ್ಪಲಿ ಎಂಬ ಅವರ ನಿಲುವು ಘಟ್ಟದಲ್ಲಿ ಓಡಾಡುವವರಿಗೆ ಹೇಳಿ ಮಾಡಿಸಿದ್ದು. ಆ ಕಾಗದದಿಂದ ಇನ್ನೊಂದು ವಿಷಯವೂ ತಿಳಿಯಿತು: ಅರ್ಧದ ಗೆರೆಯಲ್ಲಿ ಟ್ಯಾಂಕಿಯಲ್ಲಿ ನಿಜವಾಗಿ ಅರ್ಧ ಪೆಟ್ರೋಲ್ ಇರುವುದಿಲ್ಲ. ಸೀಟಿನಡಿಯ ಜಾಗಕ್ಕೆ ಹೊಂದುವಂತೆ ಟ್ಯಾಂಕಿಯನ್ನು ಅಡ್ಡಾದಿಡ್ಡಿ ಆಕಾರದಲ್ಲಿ ಮಾಡಿರುವುದರಿಂದ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಲೀಟರಿನ ಲೆಕ್ಕ ಹೊಂದುವುದಿಲ್ಲ. ಅದು ದೋಷವಲ್ಲ.

ಮುಳ್ಳು ಕಡಿಮೆ ತೋರಿಸಿದಾಗ ಬಂಕಿನವರನ್ನು ಸಂಶಯಿಸುವವರು ಬಹಳ ಜನ. ಸಂಶಯವಿದ್ದರೆ ಅಲ್ಲಿಯೇ ಪರಿಹರಿಸಿಕೊಳ್ಳಬಹುದು. ಪ್ರತಿ ಬಂಕಿನಲ್ಲೂ ಮುದ್ರೆಯಿರುವ ಐದು ಲೀಟರಿನ ಅಳತೆ ಪಾತ್ರೆ ಇರಬೇಕು, ಗ್ರಾಹಕರು ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿನವರೆಗಿನ ವ್ಯತ್ಯಾಸಕ್ಕೆ ನಿಯಮದಲ್ಲಿ ಅವಕಾಶವಿದೆ. ಕಾಲು ಟ್ಯಾಂಕಿಯಷ್ಟು ವ್ಯತ್ಯಾಸ ಕಂಡರೆ ಅಪರಾಧಿ ಬಂಕಿನಲ್ಲಿರುವುದಕ್ಕಿಂತ ಡಿಕ್ಕಿಯ ಮ್ಯಾಟಿನಡಿ ಇರುವ ಸಾಧ್ಯತೆಯೇ ಹೆಚ್ಚು.

ಇನ್ನು ಕೊರತೆಗಳು. ಅಂಗಡಿಯಲ್ಲಿ ಮುಂಗಡ ಅಂದಾಜು ಬರೆದುಕೊಡುವ ಪದ್ಧತಿಯಿಲ್ಲ. ಕೇಳಿದರೆ ಬಾಯಿಮಾತಿನಲ್ಲಿ ಹೇಳುತ್ತಾರೆ, ಹೇಳಿದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ ಎಂಬುದು ಬೇರೆ ಮಾತು. ಬಿಲ್ಲು ಚೀಟಿಯ ರೂಪದ್ದು, ಬಿಡಿಭಾಗಕ್ಕೆ ಗ್ಯಾರಂಟಿಯ ಕಾಗದವಿಲ್ಲ. ಕಾಯುವುದು ಅನಿವಾರ್ಯ, ಕುಳಿತುಕೊಳ್ಳಲು ಇರುವುದು ಹಳೆಯ ಬ್ಯಾಟರಿಗಳ ಪಕ್ಕದ ಒಂದೇ ಬೆಂಚು. ಫೋನ್ ಮಾಡಿದರೆ ಎತ್ತುವುದು ಅಪರೂಪ. ಮಾರಿಕಾಂಬೆಯ ಜಾತ್ರೆ ನಡೆಯುವ ವರ್ಷ ಆ ದಿನಗಳಲ್ಲಿ ಅಲ್ಲಿಗೆ ವಾಹನ ಒಯ್ಯುವ ಯೋಚನೆಯನ್ನೇ ಬಿಡಬೇಕು. ಓಣಿಯೊಳಗೆ ಸೈಕಲ್ ಕೂಡ ಹೋಗಲಾರದು.

ಹೊಸ ವಾಹನಗಳ ವಿಷಯದಲ್ಲಿ ನನ್ನ ಶಿಫಾರಸು ಅಷ್ಟು ಗಟ್ಟಿಯಲ್ಲ. ಗೆರೆಗಳಲ್ಲಿ ಪೆಟ್ರೋಲ್ ತೋರಿಸುವ ಡಿಜಿಟಲ್ ಮೀಟರಿನ ಕಾರುಗಳಲ್ಲಿ ಟ್ಯಾಂಕಿಯ ಸಂಕೇತ ಮೊದಲು ಕಂಪ್ಯೂಟರಿಗೆ ಹೋಗುತ್ತದೆ. ತುಳುಕಾಟವನ್ನು ಸರಾಸರಿ ಮಾಡಿ, ನಿಧಾನಿಸಿ ಅದು ಮೀಟರಿಗೆ ಕಳುಹಿಸುತ್ತದೆ. ಅಂಥಲ್ಲಿ ಸ್ಕ್ಯಾನರ್ ಜೋಡಿಸಿ, ಕಂಪ್ಯೂಟರ್ ಓದುತ್ತಿರುವ ಶೇಕಡಾವಾರು ಮಟ್ಟವನ್ನೂ ಮೀಟರ್ ತೋರಿಸುತ್ತಿರುವ ಮಟ್ಟವನ್ನೂ ಹೋಲಿಸಿದರೆ ದೋಷ ಟ್ಯಾಂಕಿಯ ಕಡೆಯದೋ ಮೀಟರಿನ ಕಡೆಯದೋ ಎಂಬುದು ಏನನ್ನೂ ಬಿಚ್ಚದೆಯೇ ತಿಳಿಯುತ್ತದೆ. ಈ ಮೇಸ್ತ್ರಿಯ ಬಳಿ ಸ್ಕ್ಯಾನರ್ ಇಲ್ಲ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ನಮ್ಮೆದುರೇ ಬಂದ ಹೊಸ ಕಾರೊಂದನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಿರಿ ಎಂದು ಹಿಂದೆ ಕಳುಹಿಸಿದರು. ಮುಳ್ಳಿನ ಗೇಜ್ ಇರುವ ಕಾರು, ಜೀಪು, ಗೂಡ್ಸ್ ರಿಕ್ಷಾಗಳಿಗೆ ಮಾತ್ರ ಇವರನ್ನು ಕಣ್ಣು ಮುಚ್ಚಿ ನಂಬಬಹುದು.

ಖರ್ಚು ಹೀಗಾಯಿತು: ತಪಾಸಣೆಗೆ ಮತ್ತು ಅರ್ಥಿಂಗ್ ಕೆಲಸಕ್ಕೆ 400 ರೂಪಾಯಿ, ಬಿಡಿಭಾಗ ಮತ್ತು ರಬ್ಬರ್ ರಿಂಗಿಗೆ 1,250, ಟ್ಯಾಂಕಿ ತೆರೆದು ಅಳತೆ ಹೊಂದಿಸಿದ ಕೂಲಿ 800. ಇನ್ನೊಂದೆಡೆ ಹೇಳಿದ್ದ ಲೆಕ್ಕದ ಮೂರನೆಯ ಒಂದು ಭಾಗವೂ ಅಲ್ಲ. ಕೆಲಸ ಮುಗಿದ ಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ; ಮುಳ್ಳು ಆ ಕಾಗದದಲ್ಲಿ ಬರೆದ ಜಾಗಗಳಲ್ಲೇ ನಿಲ್ಲುತ್ತಿದೆ. ಹೋಗಬಯಸುವವರು ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಬೇಕು, ಮಧ್ಯಾಹ್ನದ ಮೇಲೆ ಬಂದ ಗಾಡಿಯ ಟ್ಯಾಂಕಿಯನ್ನು ಅವರು ತೆರೆಯುವುದಿಲ್ಲ. ಮೊದಲ ಭೇಟಿಗೆ ಟ್ಯಾಂಕಿ ತುಂಬಿಸಿಕೊಂಡು ಹೋದರೆ ಅರ್ಥಿಂಗ್ ಪರೀಕ್ಷೆ ಸುಲಭವಾಗುತ್ತದೆ. ಎರಡನೆಯದಕ್ಕೆ ಕಾಲು ಭಾಗಕ್ಕಿಂತ ಕಡಿಮೆ ಇರಲಿ, ತೆಗೆದ ಪೆಟ್ರೋಲ್ ಹಿಡಿದಿಡಲು ಲೋಹದ ಕ್ಯಾನೊಂದನ್ನು ಜೊತೆಗೆ ಒಯ್ಯಿರಿ, ಪ್ಲಾಸ್ಟಿಕ್ ನೀರಿನ ಕ್ಯಾನನ್ನು ಅವರು ಅಂಗಳದೊಳಗೆ ತರಲೂ ಬಿಡುವುದಿಲ್ಲ.